ನೀಲಿ ಹೆಪ್ಪಿನ ನ್ಯಾಯ

ಆ ಸೋಮವಾರ ಬೆಳಿಗ್ಗೆ ಮೋಡ ನಮ್ಮೂರಿನ ಮಾಳಿಗೆಗಳಿಗೆ ತಾಗುವಷ್ಟು ಕೆಳಗಿಳಿದಿತ್ತು, ಹನಿ ಮಾತ್ರ ಬೀಳಲಿಲ್ಲ. ಗಾಳಿ ಪೂರ್ತಿ ನಿಂತಿತ್ತು. ಒಲೆಗಳ ಹೊಗೆ ಮೇಲೇರಲಾರದೆ ಓಣಿಯಲ್ಲೇ ಮೊಣಕಾಲೆತ್ತರಕ್ಕೆ ಮಲಗಿತ್ತು. ನೀರಿಗೆ ಹೊರಟ ಹೆಂಗಸರು ಹೊಳೆ ದಾಟುವವರ ಹಾಗೆ ಸೀರೆ ಎತ್ತಿಕೊಂಡು ಅದರೊಳಗೆ ನಡೆಯುತ್ತಿದ್ದರು. ಇಂಥ ದಿನ ಎಳೆದುಕೊಂಡ ಉಸಿರು ಎದೆಯಲ್ಲಿ ಭಾರವಾಗಿ ಕೂರುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದ. ನನಗೆ ಆಗ ಇಪ್ಪತ್ತೇಳು ವರ್ಷ. ಭಾರ ಎಂದರೇನೆಂದು ಗೊತ್ತಿರಲಿಲ್ಲ.

ನನ್ನ ಹೆಂಡತಿ ದ್ಯಾಮವ್ವ ರೊಟ್ಟಿ ಹಾಕಿಕೊಂಡು ಬಂದಳು.

"ಉಂಡು ಹೋಗ್ರಿ."

"ತುಂಬಿದ ಹೊಟ್ಟಿಗೆ ದಮ್ಮು ನಿಲ್ಲೂದಿಲ್ಲ."

"ನಿಲ್ಲದಿದ್ರ ಬಿಡ್ರಿ. ಆ ಕೊಳವಿಗೆ ಕೊಟ್ಟಷ್ಟು ಮುತ್ತು ನನಗ ಕೊಟ್ಟಿದ್ರ ಇಷ್ಟೊತ್ತಿಗೆ ಮನಿ ತುಂಬ ಮಕ್ಕಳಿರ್ತಿದ್ವು."

ನಾನು ನಕ್ಕು, ಶಿವನಿಗೆ ಕೈಮುಗಿದು ಚಾವಡಿಗೆ ಹೊರಟೆ.

ನಮ್ಮೂರಿನಲ್ಲಿ ಮಾತು ನೀರಿನಲ್ಲಿ ಉಳಿಯುತ್ತದೆ. ಯಾರಾದರೂ ಇಬ್ಬರು ಕರಾರು ಮಾಡಿಕೊಳ್ಳುವುದಾದರೆ ಒಂದು ಗುಡಗುಡಿಯ ಬುರುಡೆಗೆ ಬಾವಿಯ ನೀರು ತುಂಬಿ, ಅದನ್ನು ನಡುವೆ ಇಟ್ಟುಕೊಂಡು ಇಬ್ಬರೂ ಮುಟ್ಟಿ, ಹೇಳುವುದನ್ನು ಹೇಳುತ್ತಾರೆ. ಆಮೇಲೆ ಬಾಯಿಗೆ ಮೇಣ ಬಳಿದು ಚಾವಡಿಯ ಗೂಡಿನಲ್ಲಿ ಇಡುತ್ತಾರೆ. ಮುಂದೆ ತಕರಾರು ಬಂದರೆ ಮೇಣ ಒಡೆದು, ಚಿಲುಮೆ ಕೂರಿಸಿ, ತಂಬಾಕಿನ ಮೇಲೆ ಕೆಂಡವಿಟ್ಟು ಒಬ್ಬನು ಎಳೆಯಬೇಕು. ಎಳೆದ ಹೊಗೆಯನ್ನು ಅವನು ಎದೆಯಲ್ಲಿ ಹಿಡಿದಿಟ್ಟುಕೊಂಡಿರುವಷ್ಟು ಹೊತ್ತು ನೀರು ಮಾತಾಡುತ್ತದೆ, ಹೇಳಿದವರ ದನಿಯಲ್ಲೇ, ಅವರ ಕೆಮ್ಮು ನಿಟ್ಟುಸಿರು ಸಮೇತ. ಉಸಿರು ಬಿಟ್ಟನೋ, ನೀರು ಸುಮ್ಮನಾಗುತ್ತದೆ. ಮತ್ತೆ ಎಳೆದರೆ ಮೊದಲಿನಿಂದಲೇ ಶುರು.

ಹೀಗಾಗಿ ಉದ್ದ ಕರಾರಿಗೆ ಉದ್ದ ಉಸಿರು ಬೇಕು. ಅದನ್ನು ಉಳ್ಳವರಿಗೆ ದಮ್ಮಿನವರು ಎಂದು ಹೆಸರು. ನಮ್ಮಪ್ಪ ದಮ್ಮಿನವನು, ನಾನೂ ಹಾಗೇ. ಚಾವಡಿಯ ಯಜಮಾನ ಕರಿಬಸಯ್ಯನವರು ಜಪಮಾಲೆಯ ಮಣಿ ಎಣಿಸುತ್ತ ಅಳೆಯುತ್ತಿದ್ದರು. ಮಾಲೆ ಒಂದು ಸುತ್ತು ಮುಗಿದು ಮೇಲೆ ಮೂವತ್ತು ಮಣಿ ಜಾರುವವರೆಗೂ ನಾನು ಹಿಡಿಯುತ್ತಿದ್ದೆ. ನನ್ನ ಮದುವೆಯಲ್ಲಿ ಬೀಗರು ನನ್ನ ಮುಖ ನೋಡುವ ಮೊದಲು ಎದೆ ನೋಡಿದ್ದರು.

ಆ ದಿನದ ನ್ಯಾಯ ರೇವವ್ವನದು. ಅವಳಿಗೆ ಹತ್ತೊಂಬತ್ತು ತುಂಬಿತ್ತು. ಅವಳ ತಾಯಿ ಸಾವಂತ್ರೆವ್ವ ನಮ್ಮೂರಿನಲ್ಲಿ ಬಟ್ಟೆಗೆ ನೀಲಿ ಅದ್ದುತ್ತಿದ್ದಳು. ನೀಲಿಯ ಹಂಡೆಗೂ ಮೊಸರಿನ ಹಾಗೆ ಹೆಪ್ಪು ಬೇಕು. ಹಳೆಯ ಹಂಡೆಯ ಒಂದು ಗಡಿಗೆ ನೀಲಿಯನ್ನು ಜೀವಂತ ಇಟ್ಟುಕೊಂಡಿದ್ದರೆ ಮಾತ್ರ ಹೊಸ ಹಂಡೆ ಹುಳಿಯುತ್ತದೆ. ಸಾವಂತ್ರೆವ್ವನ ಹೆಪ್ಪು ಅವಳ ಅಜ್ಜಿಯ ಅಜ್ಜಿಯದು. ಅದನ್ನು ಇಬ್ಬರಿಗೆ ಹಂಚಿದರೆ ಎರಡು ಕಡೆಯೂ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಒಂದೇ ಮನೆಯಲ್ಲಿ ಇರಬೇಕಿತ್ತು. ಸಾವಂತ್ರೆವ್ವ ಸಾಯುವಾಗ ಮಗಳಿಗೆ ಹತ್ತು ವರ್ಷ. ಆಗ ಪಕ್ಕದ ಮನೆಯ ಬಾಳವ್ವನನ್ನು ಕರೆಸಿ, ಗುಡಗುಡಿ ಮುಟ್ಟಿ, ಹೆಪ್ಪನ್ನು ಅವಳ ಕೈಗೆ ಕೊಟ್ಟಳು. ಒಂಬತ್ತು ವರ್ಷ ಬಾಳವ್ವ ಅದನ್ನು ಕಾಪಾಡಿದಳು. ಈಗ ರೇವವ್ವ ಕೇಳಿದರೆ, "ಅದು ನನಗ ಕೊಟ್ಟದ್ದು" ಎನ್ನುತ್ತಿದ್ದಳು ಬಾಳವ್ವ. ಹೆಪ್ಪು ಸಿಕ್ಕರೆ ರೇವವ್ವ ತಾಯಿಯ ಹಂಡೆ ಏರಿಸಿ ಬದುಕುವಳು. ಸಿಗದಿದ್ದರೆ ಊರವರ ಮನೆಯಲ್ಲಿ ಮುಸುರೆ ತಿಕ್ಕುವುದೇ ಕೊನೆತನಕ.

ಕಷ್ಟ ಏನೆಂದರೆ, ಸಾವಂತ್ರೆವ್ವ ಆ ಮಾತುಗಳನ್ನು ಆಡುವಾಗ ಅವಳಲ್ಲಿ ಶಕ್ತಿ ಇರಲಿಲ್ಲ. ಒಂದು ಮಾತು, ಆಮೇಲೆ ಕೆಮ್ಮು, ಆಮೇಲೆ ಸುಧಾರಿಸಿಕೊಳ್ಳುವ ಮೌನ. ನೀರು ಆ ಮೌನವನ್ನೂ ಬಿಡದೆ ಹಿಡಿದಿಟ್ಟಿತ್ತು. ಮೊದಲೇ ಇಬ್ಬರು ಎಳೆದು ಅರ್ಧಕ್ಕೆ ಕೈಬಿಟ್ಟಿದ್ದರು. ಹಿಂದಿನ ಸೋಮವಾರ ನಾನು ಎಳೆದಾಗ ನೀರು ಇಷ್ಟು ಹೇಳಿತ್ತು: "ಬಾಳವ್ವಕ್ಕ... ಇದನ್ನ ನಿನ್ನ ಕೈಯಾಗ ಇಡತೀನಿ... ನಿನ್ನದಾ ಅಂತ ತಿಳಕೊಂಡು ನೋಡ್ಕೊ... ದಿನಾ ಎರಡು ಹೊತ್ತು ಕಲಕು... ಆದರ..."

ಅಲ್ಲಿಗೆ ನನ್ನ ದಮ್ಮು ಮುಗಿದಿತ್ತು. ವಾರವೆಲ್ಲ ಊರಿನ ಬಾಯಲ್ಲಿ ಅದೊಂದೇ. ಆದರ ಏನು?

"ಇವತ್ತು ದಾಟಸ್ತೀಯೇನೋ ಅಡಿವೆಪ್ಪಾ?" ಎಂದು ಕರಿಬಸಯ್ಯನವರು ಕೇಳಿದರು.

"ದಾಟಸ್ತೀನ್ರಿ."

ರೇವವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಬಾಳವ್ವ ಎದುರಿಗೆ ಕೂತು, ಮೊಣಕೈವರೆಗೂ ನೀಲಿಯಾದ ತನ್ನ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನಾನು ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಎದೆ ಖಾಲಿ ಮಾಡಿ, ಹೊಟ್ಟೆಯ ತಳದಿಂದ ಎಳೆದೆ. ಹಿಡಿದೆ. ನೀರು ಶುರುವಾಯಿತು. ಮಣಿ ಜಾರತೊಡಗಿದವು. ಮಾಲೆ ಒಂದು ಸುತ್ತು ಮುಗಿಯಿತು. "ದಿನಾ ಎರಡು ಹೊತ್ತು ಕಲಕು" ಬಂತು. ನನ್ನ ಕಣ್ಣೊಳಗೆ ಕೆಂಪು ಚುಕ್ಕೆ ಕುಣಿಯುತ್ತಿದ್ದವು. "ಆದರ" ಬಂತು. ಕೆಮ್ಮು ಬಂತು. ಆಮೇಲೆ ಸಾವಂತ್ರೆವ್ವನ ಮೌನ. ಇನ್ನೊಂದು ಗಳಿಗೆ ಎಂದುಕೊಂಡು ಗಂಟಲು ಬಿಗಿದು, ಎದೆಯನ್ನು ಒಳಗೊಳಗೇ ಒತ್ತಿ ಹಿಡಿದೆ. ಆಗ ಎಡಪಕ್ಕೆಯಲ್ಲಿ ಹಳೆಯ ಸೀರೆ ಹರಿದ ಹಾಗಾಯಿತು.

ಕೂಗಲು ಹೋದರೆ ಕೂಗು ಇಲ್ಲ. ಭುಜದವರೆಗೂ ಚೂರಿ ಎಳೆದಂಥ ನೋವು. ಬಾಯಿ ತೆರೆಯುತ್ತೇನೆ, ಗಾಳಿ ಒಳಗೆ ಹೋಗುವುದಿಲ್ಲ. ಬುರುಡೆ ತೊಡೆಯಿಂದ ಉರುಳಿತು. ಯಾರೋ ಅದನ್ನು ಹಿಡಿದರು, ನನ್ನನ್ನು ಹಿಡಿಯಲಿಲ್ಲ.

ಕಣ್ಣು ಮುಚ್ಚುವ ಮೊದಲು ಕರಿಬಸಯ್ಯನವರ ದನಿ ಕೇಳಿಸಿತು. "ನೀರು ಏಟು ಕೊಟ್ಟೈತಿ. ಇನ್ನ ಕೇಳೂದೇನೈತಿ?"

ಅದು ನಮ್ಮೂರಿನ ನಂಬಿಕೆ. ಸುಳ್ಳಿನ ಪಕ್ಷಕ್ಕಾಗಿ ಎಳೆದವನ ಎದೆಗೆ ನೀರು ಹೊಡೆಯುತ್ತದೆ. ಎಳೆದದ್ದು ರೇವವ್ವನ ಪರವಾಗಿ, ಬಿದ್ದದ್ದು ನಾನು. ಹಾಗಾದರೆ ರೇವವ್ವನದು ಸುಳ್ಳು. ಮೂರನೆಯ ಸೋಮವಾರದೊಳಗೆ ಯಾರೂ ಎದುರು ತೋರಿಸದಿದ್ದರೆ ತೀರ್ಪು ಗಟ್ಟಿಯಾಗುತ್ತಿತ್ತು.

ಊರಿನ ದವಾಖಾನೆಯ ಡಾಕ್ಟರು ಮೆಹರುನ್ನಿಸಾ. ಹೊರಗಿನಿಂದ ಬಂದು ಹನ್ನೆರಡು ವರ್ಷವಾಗಿತ್ತು. ನಮ್ಮ ಮಾತು ಕಲಿತಿದ್ದರು, ನಮ್ಮ ಗುಡಗುಡಿಯನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಅವರು ನನ್ನ ಬೆನ್ನಿಗೆ ಎದೆ ಕೇಳುವ ಕೊಳವೆ ಇಟ್ಟು ಕೇಳಿದರು, ಬಲಗಡೆ ಒಮ್ಮೆ, ಎಡಗಡೆ ಮೂರು ಸಲ.

"ಎಡಗಡೆ ಏನೂ ಕೇಳವಲ್ದು. ಕುತ್ತಿಗಿ ಮುಟ್ಟಿ ನೋಡ್ಕೊ."

ಮುಟ್ಟಿದೆ. ಕುತ್ತಿಗೆ ಊದಿತ್ತು. ಬೆರಳು ಒತ್ತಿದರೆ ಚರ್ಮದ ಕೆಳಗೆ ಚುರುಮುರಿ ಒತ್ತಿದ ಹಾಗೆ ಚರಚರ ಎಂದಿತು. ನನ್ನ ಮೈಯನ್ನು ನಾನೇ ಮುಟ್ಟಲು ಹೆದರಿದ್ದು ಅದೇ ಮೊದಲು.

"ಅದು ಗಾಳಿ. ಎದಿಯೊಳಗಿನ ಶ್ವಾಸದ ಚೀಲ ಹರದೈತಿ. ಗಾಳಿ ಹೊರಗ ಸೋರಿ ಪಕ್ಕಿ ತುಂಬ್ಯೈತಿ, ಚೀಲ ಮುದ್ದಿಯಾಗಿ ಕುಂತೈತಿ. ಹೊಗಿ ಎಳೆದು, ಬಾಯಿ ಮುಚ್ಚಿ, ಜೋರು ಮಾಡಿ ಒತ್ತಿ ಹಿಡಿದ್ಯಲ್ಲ, ಅದಕ್ಕ."

"ನೀರಿನ ಏಟು..."

"ನೀರಿಗೇನು ಕೈ ಅದಾವೇನು? ಸುಮ್ನ ಮಲಕ್ಕೊ. ಉಸಿರು ಹಿಡೀಬ್ಯಾಡ. ನಿನಗ ಅದೊಂದು ಬರತೈತಿ ಅಂತ ಇಲ್ಲಿ ತೋರಸಬ್ಯಾಡ."

ಪಕ್ಕೆಯ ಎಲುಬುಗಳ ನಡುವೆ ಮರಗಟ್ಟಿಸಿ, ಸಣ್ಣಗೆ ಕೊಯ್ದು, ರಬ್ಬರಿನ ಕೊಳವೆ ತೂರಿಸಿದರು. ಅದರ ಇನ್ನೊಂದು ತುದಿಯನ್ನು ನೆಲದ ಮೇಲಿದ್ದ ಗಾಜಿನ ಬಾಟಲಿಯ ನೀರಿನಲ್ಲಿ ಮುಳುಗಿಸಿದರು. ನಾನು ಕೆಮ್ಮಿದೊಡನೆ ಬಾಟಲಿ ಗುಡಗುಡ ಎಂದಿತು. ಎದೆಯ ಮೇಲಿನ ಬಂಡೆ ಒಂದಿಷ್ಟು ಸರಿದ ಹಾಗಾಯಿತು. ಶಿವನೇ ಎಂದೆ. ಎಷ್ಟೋ ಹೊತ್ತಿನ ಮೇಲೆ ಪೂರ್ತಿ ಬಂದ ಮಾತು ಅದು.

ದ್ಯಾಮವ್ವ ಬಾಗಿಲಲ್ಲಿ ನಿಂತು ಬಾಟಲಿ ನೋಡಿದಳು, ನನ್ನನ್ನು ನೋಡಿದಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ಇಲ್ಲೂ ಒಂದು ಗುಡಗುಡಿ ಹಚ್ಕೊಂಡು ಮಲಗೀರಲ್ಲ! ನಿಮಗ ಬುದ್ಧಿ ಯಾವಾಗ ಬರತೈತಿ?"

ನಗಲು ಹೋಗಿ ನೋವಾಯಿತು. ಬಾಟಲಿ ಮಾತ್ರ ನನ್ನ ಪರವಾಗಿ ನಕ್ಕಿತು.

ಮರುದಿನ ಕರಿಬಸಯ್ಯನವರು ನೋಡಲು ಬಂದರು. ಒಳ್ಳೆಯ ಮನುಷ್ಯ, ನನಗೆ ದಾಳಿಂಬೆ ತಂದಿದ್ದರು. ಕೂತವರು ಬಾಟಲಿಯ ಸದ್ದು ಕೇಳಿ ಬೆದರಿದರು. ಮೆಲ್ಲಗೆ ಬಗ್ಗಿ, ರುಮಾಲು ಸರಿಸಿ, ಬಾಟಲಿಗೆ ಕಿವಿ ಹಚ್ಚಿದರು. ಬಹಳ ಹೊತ್ತು ಕೇಳಿದರು.

"ಏನೂ ಮಾತಾಡವಲ್ದಲ್ಲೊ."

"ಅದು ಬರೇ ಗಾಳಿ ಯಜಮಾನ್ರ. ನನ್ನ ಎದಿಯಿಂದ ಸೋರಿದ್ದು. ನೀರು ಹೊಡೆದಿದ್ರ ಈ ನೀರು ಹೇಳ್ತಿದ್ದಿಲ್ಲೇನು?"

"ಹಂಗಲ್ಲಪಾ. ಹಿರ್ಯಾರು ಹೇಳಿದ್ದು ಹೆಂಗ ಸುಳ್ಳಾದೀತು?" ಅವರು ಎದ್ದರು. "ನೀರಿನ್ಯಾಗ ತೊಳದು ಬಂದ ಹೊಗಿ ಅದು, ತಣ್ಣಂದು. ಅದು ಸುಮ್ನ ಯಾರಿಗೂ ತೊಂದ್ರಿ ಮಾಡೂದಿಲ್ಲ."

ಮೂಲೆಯಲ್ಲಿ ಸೂಜಿ ಕುದಿಸುತ್ತಿದ್ದ ಡಾಕ್ಟರು ತಿರುಗಿ ನೋಡದೆಯೇ ಹೇಳಿದರು. "ತಣ್ಣಗಾಗತೈತಿ, ತೊಳದು ಬರೂದಿಲ್ಲ. ಕೆಂಡದ ವಿಷ, ತಂಬಾಕಿನ ವಿಷ, ಎಲ್ಲಾ ಹಂಗಾ ದಾಟತೈತಿ. ತಣ್ಣಗೈತಿ ಅಂತನಾ ನೀವು ಇಷ್ಟುದ್ದ ಎಳೀತೀರಿ. ಈ ಹಾಸಿಗಿ ಮ್ಯಾಲ ಹಿಂಗ ಮಲಗಿದವ್ರಾಗ ಇವ ಆರನೇದವ."

ಯಜಮಾನರು ಹೋದ ಮೇಲೆ ನಾನು ಕೇಳಿದೆ. "ಉಳಿದ ಐದು ಮಂದಿ ಯಾರ್ರಿ?"

"ಹೇಳಾಂಗಿಲ್ಲ. ಯಾರಿಗೂ ಹೇಳಬ್ಯಾಡ್ರಿ ಅಂತ ಕಾಲು ಹಿಡಿದು ಹೋಗ್ಯಾರ."

ನಾಲ್ಕು ದಿನ ಮಾಡಿನ ತೊಲೆಗಳನ್ನು ಎಣಿಸುತ್ತ ಮಲಗಿದ್ದೆ. ಉಸಿರಿನ ಬಗ್ಗೆ ಅಷ್ಟು ಯೋಚನೆ ಮಾಡಿದ್ದು ಆಗಲೇ. ಅದು ನನ್ನ ಗಳಿಕೆ ಎಂದುಕೊಂಡಿದ್ದೆ. ಹಿಡಿದಷ್ಟೂ ಹೆಚ್ಚೆಂದು ಮಣಿ ಎಣಿಸಿ ಬೀಗಿದ್ದೆ. ಕೊಟ್ಟವನು ಅದನ್ನು ಒಳಗೆ ಬಂದು ಹೊರಗೆ ಹೋಗಲೆಂದು ಕೊಟ್ಟಿದ್ದ. ನನ್ನ ಸೊಕ್ಕಿಗೆ ರೇವವ್ವನ ಬದುಕು ದಂಡವಾಗಬಾರದು. ಅದಷ್ಟನ್ನು ಗಟ್ಟಿ ಮಾಡಿಕೊಂಡೆ.

ಐದನೆಯ ದಿನ ಬಾಟಲಿ ಸುಮ್ಮನಾಯಿತು. ಆರನೆಯ ದಿನ ಕೊಳವೆ ತೆಗೆದು ಹೊಲಿಗೆ ಹಾಕಿದರು. ಆ ಗಾಯ ನೋಡುತ್ತಿದ್ದ ಹಾಗೆ ನನಗೊಂದು ನೆನಪು ಬಂತು. ಕೆರೆಯಲ್ಲಿ ಈಜುವಾಗಲೂ ಅಂಗಿ ಬಿಚ್ಚದ ಮನುಷ್ಯನೊಬ್ಬ ನಮ್ಮೂರಿನಲ್ಲಿದ್ದ. ಲಗಮಣ್ಣ, ನನಗಿಂತ ಮೊದಲಿನ ದಮ್ಮಿನವನು. ಒಂಬತ್ತು ವರ್ಷದ ಹಿಂದೆ ಇದ್ದಕ್ಕಿದ್ದ ಹಾಗೆ ಎಳೆಯುವುದನ್ನು ಬಿಟ್ಟು, ಕುರಿ ಕಾಯಲು ಹೋಗಿದ್ದ.

ದ್ಯಾಮವ್ವನ ಭುಜ ಹಿಡಿದುಕೊಂಡು ಅವನ ಹಟ್ಟಿಗೆ ಹೋದೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಲಗಮಣ್ಣ ಕುರಿಮರಿಗೆ ಹಾಲು ಕುಡಿಸುತ್ತಿದ್ದ. ನಾನು ಅಂಗಿ ಎತ್ತಿ ನನ್ನ ಪಕ್ಕೆ ತೋರಿಸಿದೆ. ಅವನು ನೋಡಿದ, ಮರಿಯನ್ನು ಕೆಳಗಿಟ್ಟ, ತಾನೂ ಅಂಗಿ ಎತ್ತಿದ. ಅದೇ ಜಾಗ, ಅದೇ ಉದ್ದ. ಒಂಬತ್ತು ವರ್ಷ ಮುಚ್ಚಿಟ್ಟದ್ದು.

"ಯಾರ ನ್ಯಾಯಕ್ಕ ಎಳೆದಾಗ ಅಣ್ಣಾ?"

"ನ್ಯಾಯ ಅಲ್ಲೋ." ಅವನ ದನಿ ಒಡೆಯಿತು. "ಮಗಳ ಲಗ್ನದ ಕರಾರು. ತಕರಾರಿಲ್ಲ, ಏನಿಲ್ಲ. ಬೀಗರಿಗೆ ಕೇಳಸೂಣು ಅಂತ ಖುಷೀಲೆ ಮನ್ಯಾಗ ಕುಂತು ಎಳೆದೆ. ಏಟು ಬಿತ್ತು. ಲಗ್ನದಾಗ ಏನೋ ಸುಳ್ಳೈತಿ ಅಂತ ಮಗಳ ಮಾರಿ ನೋಡಾಕ ಆಗವಲ್ದು. ಅವರು ಚಂದ ಬಾಳಾಕತ್ತಾರ, ಮೂರು ಮಕ್ಕಳು. ನಾ ಮಾತ್ರ ಯಾವಾಗ ಮುರೀತೈತೋ ಅಂತ ಕಾಯಕೋತ ಕುಂತೀನಿ."

"ಸುಳ್ಳಿರಲಿಲ್ಲಣ್ಣ. ಚೀಲ ಹರೀತು, ಅಷ್ಟಾ."

ಅವನು ಕುರಿಗಳ ನಡುವೆ ಕುಕ್ಕರಿಸಿ ಕೂತು ಅತ್ತ. ದ್ಯಾಮವ್ವ ಕುರಿಮರಿಯನ್ನು ಎತ್ತಿಕೊಂಡು ಬೇರೆ ಕಡೆ ನೋಡುತ್ತ ನಿಂತಳು.

ಮೂರನೆಯ ಸೋಮವಾರ ನಾನೂ ಲಗಮಣ್ಣನೂ ಚಾವಡಿಗೆ ಹೋದೆವು. ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ. ನೀರು ಹೇಳದ್ದನ್ನು ಯಾರೂ ಹೇಳುವ ಹಾಗಿಲ್ಲ. ಆದ್ದರಿಂದ ಇಬ್ಬರೂ ಅಂಗಿ ಕಳಚಿ ಸುಮ್ಮನೆ ನಿಂತೆವು. ಜನ ಒಂದು ಗಾಯ ನೋಡಿದರು, ಇನ್ನೊಂದು ನೋಡಿದರು. ಲಗಮಣ್ಣ ಯಾವಾಗ, ಯಾವ ಕರಾರಿಗೆ ಎಂಬುದನ್ನು ತಾನಾಗಿಯೇ ಹೇಳಿಬಿಟ್ಟ. ಆಗ ಗುಂಪಿನಿಂದ ಕಮ್ಮಾರನೊಬ್ಬ ಎದ್ದು ಅಂಗಿ ಎತ್ತಿದ. ಅವನ ಹಿಂದೆ ಇನ್ನೊಬ್ಬ. ಕಮ್ಮಾರ ಎಳೆದದ್ದು ನಿಜವೆಂದು ನೀರೇ ಹೇಳಿ ಗೆದ್ದ ಪಕ್ಷಕ್ಕೆ. ಅದು ಕರಿಬಸಯ್ಯನವರಿಗೇ ನೆನಪಿತ್ತು.

ಯಜಮಾನರ ಕೈಯಲ್ಲಿ ಜಪಮಾಲೆ ನಿಂತುಹೋಯಿತು.

"ಏಟಿನ ತೀರ್ಪು ಹಿಂದಕ್ಕ ತಗೊಂಡೀನಿ," ಎಂದರು ಕೊನೆಗೆ. "ರೇವವ್ವ ಸುಳ್ಳಿ ಅಲ್ಲ. ಆದ್ರ ಖರೇನೂ ಕೇಳಿಲ್ಲಲ್ಲ. ಯಾರರ ಎಳೀಬೇಕು."

"ಯಾರೂ ಎಳೆಯೂದು ಬ್ಯಾಡ್ರಿ," ಎಂದೆ. ನನ್ನ ದನಿ ಇನ್ನೂ ತೆಳ್ಳಗಿತ್ತು. "ಈ ಮಾತು ಆಡಿದಾಗ ಇಬ್ಬರಿದ್ರು. ಒಬ್ಬರು ಹೋದ್ರು. ಇನ್ನೊಬ್ಬರು ಇಲ್ಲೇ ಕುಂತಾರ. ಅವರನ್ನ ಕೇಳೂಣಲ್ಲ?"

ಚಾವಡಿಯಲ್ಲಿ ಗುಜುಗುಜು ಎದ್ದಿತು. ಕೆಲವರು ನಕ್ಕರು. ನಂಬಿದರೆ ನಂಬಿ, ಅಲ್ಲಿಯವರೆಗೆ ಆ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ನೀರು ಇರುವಾಗ ಮನುಷ್ಯರನ್ನು ಯಾರು ಕೇಳುತ್ತಾರೆ?

ಬಾಳವ್ವನ ಮುಖ ಬಿಗಿಯಿತು. "ನೀರು ಹೇಳಲಿ. ನಾ ಯಾಕ ಹೇಳಲಿ? ನಾ ಹೇಳಿದ್ರ ನೀವು ನಂಬತೀರೇನು?"

ಆಗ ರೇವವ್ವ ಕಂಬ ಬಿಟ್ಟು ಮುಂದೆ ಬಂದಳು. "ನನ್ನವ್ವನ ಮಾತು. ನಾನಾ ಎಳೀತೀನಿ. ಮುಂದಿನ ಸೋಮವಾರ."

"ಹುಚ್ಚೇನವ್ವಾ ನಿನಗ?" ಎಂದೆ.

"ಹರದ್ರ ಹರೀಲಿ ಅಣ್ಣಾ. ನಿನಗ ಹೊಲದಾರ, ನನಗೂ ಹೊಲೀತಾರ."

ಅವಳನ್ನು ತಡೆಯಲು ಚಾವಡಿಯಲ್ಲಿ ಕಟ್ಟಳೆ ಇರಲಿಲ್ಲ. ಆ ವಾರ ಅವಳ ಅಂಗಳದಿಂದ ಹೊಗೆ ಏಳುವುದನ್ನು ಓಣಿಯೆಲ್ಲ ನೋಡಿತು. ಯಾರದೋ ಹಳೆಯ ಗುಡಗುಡಿ ತಂದು ರೂಢಿ ಮಾಡುತ್ತಿದ್ದಳು. ಕೆಮ್ಮು ಬೀದಿಗೆ ಕೇಳುತ್ತಿತ್ತು. ನಾನು ಹೋಗಿ ಬೈದೆ, ದ್ಯಾಮವ್ವ ಹೋಗಿ ಅತ್ತಳು, ಡಾಕ್ಟರು ಹೋಗಿ ಕುತ್ತಿಗೆ ಊದಿದ ಕತೆ ಹೇಳಿದರು. ಅವಳು ಎಲ್ಲರಿಗೂ ಕೂರಲು ಮಣೆ ಕೊಟ್ಟಳು, ಎಲ್ಲ ಕೇಳಿಸಿಕೊಂಡಳು, ಮತ್ತೆ ಕೆಂಡ ಊದಿದಳು.

ಗುರುವಾರ ಮಧ್ಯಾಹ್ನ ನಾನು ಬಾಳವ್ವನ ಮನೆಗೆ ಹೋದೆ. ಹಿತ್ತಲಿನಲ್ಲಿ ಹಂಡೆಯ ಮುಂದೆ ನಿಂತು ಕೋಲಿನಿಂದ ಕಲಕುತ್ತಿದ್ದಳು. ಮೇಲೆ ತಾಮ್ರದ ಬಣ್ಣದ ನೊರೆ ತೇಲುತ್ತಿತ್ತು.

"ಕೇಳಾಕ ಬಂದ್ಯೇನು?" ಎಂದಳು.

"ಇಲ್ಲತ್ತಿ. ಹೇಳಾಕ ಬಂದೀನಿ. ಅಕಿ ಎದಿ ಸಣ್ಣದು. ಸಾವಂತ್ರೆವ್ವನ ಮೌನ ಉದ್ದ. ಅಲ್ಲಿತನಕ ಹೋಗೂದ್ರಾಗ ಹರೀತೈತಿ. ನನಗ ಹರದಾಗ ಏನಾತು ಅಂತ ನಿಮಗ ಹೇಳತೀನಿ, ಅಷ್ಟಾ."

ಹೇಳಿದೆ, ಒಂದೂ ಬಿಡದೆ. ಬಾಯಿ ತೆರೆದರೂ ಗಾಳಿ ಬಾರದ ಆ ಗಳಿಗೆ, ಚರ್ಮದ ಕೆಳಗಿನ ಚರಚರ, ಬಾಟಲಿ. ಅವಳು ಕಲಕುವುದನ್ನು ನಿಲ್ಲಿಸಲಿಲ್ಲ.

"ನನ್ನ ಅಣ್ಣ ಸತ್ತಾಗ ನಾ ಮಣ್ಣಿಗೆ ಹೋಗಲಿಲ್ಲ, ಗೊತ್ತೇನು?" ಎಂದಳು. "ಎರಡು ಹೊತ್ತು ಕಲಕಬೇಕಲ್ಲ. ಒಂಬತ್ತು ವರ್ಷ. ಒಂದು ಹೊತ್ತು ತಪ್ಪಿಲ್ಲ. ಇದು ನನ್ನ ಕೂಸಾಗೇತಿ ಅಡಿವೆಪ್ಪಾ."

"ನೋಡೀನಿ ಅತ್ತಿ. ನೀವಲ್ಲದಿದ್ರ ಇದು ಎಂದೋ ಸಾಯ್ತಿತ್ತು."

"ಅದನ್ನ ಯಾರೂ ಅನಲಿಲ್ಲ ನೋಡು. ಆ ಹುಡಿಗಿ ಬಂದಾಕೀನಾ ಕೊಡು ಅಂದ್ಳು."

ನಾನು ಹೊರಟೆ. ಬರುವಾಗ ಹಿಂದೆ ಕೋಲು ನಿಧಾನವಾಗಿ ತಿರುಗುವ ಸದ್ದು ಕೇಳುತ್ತಿತ್ತು.

ಸೋಮವಾರ ಚಾವಡಿ ಕಿಕ್ಕಿರಿದಿತ್ತು. ಡಾಕ್ಟರು ತಮ್ಮ ಪೆಟ್ಟಿಗೆ, ರಬ್ಬರಿನ ಕೊಳವೆ, ಗಾಜಿನ ಬಾಟಲಿ ತಂದು ಮುಂದೆಯೇ ಕೂತಿದ್ದರು. ಅವರ ಮುಖ ನೋಡಿದವರು ಕಣ್ಣು ತಗ್ಗಿಸುತ್ತಿದ್ದರು. ರೇವವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿ, ತಾಯಿಯ ಹಳೆಯ ನೀಲಿ ಸೀರೆ ಉಟ್ಟು ಬಂದಳು. ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೊಳವೆಯನ್ನು ತುಟಿಗೆ ಹಿಡಿದಳು. ಕರಿಬಸಯ್ಯನವರು ಮಾಲೆ ಎತ್ತಿದರು. ಚಿಮಟದಲ್ಲಿ ಕೆಂಡ ಬಂತು.

ಬಾಗಿಲ ಕಡೆ ಜನ ಸರಿದರು. ಬಾಳವ್ವ ಒಳಗೆ ಬಂದಳು. ಸೊಂಟದ ಮೇಲೆ ಒಂದು ಮಣ್ಣಿನ ಗಡಿಗೆ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿತ್ತು. ಯಾರ ಕಡೆಯೂ ನೋಡದೆ ನಡೆದು ಬಂದು ರೇವವ್ವನ ಎದುರಿಗೆ ಕೂತಳು. ಚಿಲುಮೆಯ ಮೇಲೆ ತನ್ನ ನೀಲಿ ಅಂಗೈ ಅಡ್ಡ ಇಟ್ಟಳು. ಕೆಂಡ ಹಿಡಿದವನು ಹಿಂದೆ ಸರಿದ.

"ಆದರ ಅಂದು ಸಾವಂತ್ರೆವ್ವ ಬಾಳೊತ್ತು ಸುಮ್ನಿದ್ಳು," ಎಂದಳು. ದನಿ ಎತ್ತರಿಸಲಿಲ್ಲ, ಹಿಂದಿನವರಿಗೆ ಕೇಳಿಸಿರಲಾರದು. "ನಾ ನೀರು ಕುಡಿಸಿದೆ. ಆಮ್ಯಾಲ ಅಂದ್ಳು, ಆದರ ನನ್ನ ಮಗಳ ಕೈ ಕೋಲು ಹಿಡಿಯೂವಷ್ಟು ಆದ ದಿನ, ಅಕಿ ಬಾಯಿಬಿಟ್ಟು ಕೇಳೂದ್ರೊಳಗ ಕೊಟ್ಟುಬಿಡು ಅಕ್ಕಾ ಅಂತ."

ಕರಿಬಸಯ್ಯನವರು ಏನೋ ಹೇಳಲು ಬಾಯಿ ತೆರೆದರು. ಬಾಯಿಮಾತು ಚಾವಡಿಯಲ್ಲಿ ನಡೆಯುವುದಿಲ್ಲ ಎಂದೇ ಇರಬೇಕು. ಆಮೇಲೆ ಮಾಲೆಯನ್ನು ಕೊರಳಿಗೆ ಹಾಕಿಕೊಂಡರು.

ನಾನು ಬಗ್ಗಿ ರೇವವ್ವನ ತೊಡೆಯಿಂದ ಬುರುಡೆಯನ್ನು ಎತ್ತಿಕೊಂಡೆ. ಅವಳು ತಡೆಯಲಿಲ್ಲ.

"ಕೇಳೂದ್ರೊಳಗ ಕೊಡು ಅಂದಿದ್ಳು," ಎಂದಳು ಬಾಳವ್ವ ಮತ್ತೆ. "ಅದಷ್ಟು ನಂದು ತಪ್ಪೇತಿ. ನಾಳಿ ಮುಂಜಾನಿ ನಾ ಬಂದು ಹಂಡೆ ಏರಿಸಿ ಕೊಡತೀನಿ, ಮೊದಲನೇ ಸಲ ಒಬ್ಬಾಕಿಗೆ ಆಗೂದಿಲ್ಲ."

ಗಡಿಗೆಯನ್ನು ರೇವವ್ವನ ಮಡಿಲಿಗೆ ಇಳಿಸಿ, ಅವಳ ಎರಡು ಕೈ ಹಿಡಿದು ಗಡಿಗೆಯ ಸುತ್ತ ಒತ್ತಿ ಇಟ್ಟು, ತನ್ನ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡಳು.